ನಾಲ್ಕು ಗಂಟೆಯ ಉಬ್ಬು

ಇಂಥ ವಿಷಯ ಹೇಳಲು ಹೊರಟಿದ್ದೇ ಅಧಿಕಪ್ರಸಂಗ. ಸಂಜೆ ಕಾಲೇಜಿನಲ್ಲಿ ಕಲಿತಷ್ಟು ವಿಜ್ಞಾನವನ್ನು ನಂಬಿಕೊಂಡು ಹೇಳುತ್ತಿರುವ ಕತೆ ಇದು. ತಪ್ಪಿದ್ದಲ್ಲಿ ತಿಳಿದವರು ತಿದ್ದಿ ಓದಿಕೊಳ್ಳಬೇಕು.

ಆ ಪ್ರಯೋಗಾಲಯದ ಸಹಾಯಕಿಗೆ ಎಲೆ ಕೀಳದೆಯೇ ಎಲೆಯ ಉಸಿರು ಅಳೆಯುವ ಕೆಲಸ. ಗಿಡದಲ್ಲಿರುವ ದಪ್ಪ ಎಲೆಯೊಂದನ್ನು ಗಾಜಿನ ಪುಟ್ಟ ಡಬ್ಬಿಯೊಳಗೆ ಮೆತ್ತಗೆ ಸಿಕ್ಕಿಸಬೇಕು. ಒಂದು ಕೊಳವೆಯಲ್ಲಿ ಗಾಳಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಹೊರಬಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿದ್ದರೆ ಎಲೆ ಉಂಡಿದೆ, ಹೆಚ್ಚಾಗಿದ್ದರೆ ಬಿಟ್ಟಿದೆ. ಕೋಣೆಯಲ್ಲಿ ಆರು ದಿನ ಒಂದೇ ಮಂದ ಬೆಳಕು, ಒಂದೇ ಬಿಸಿ. ಹಗಲು ಯಾವುದು ಇರುಳು ಯಾವುದು ಎಂದು ಹೇಳುವವರಿಲ್ಲದಾಗ ಎಲೆ ತನ್ನ ದಿನಚರಿ ಬಿಡುತ್ತದೆಯೇ ಎಂದು ನೋಡಬೇಕಿತ್ತು.

ಬಿಡಲಿಲ್ಲ. ಪರದೆಯ ಮೇಲೆ ಅಲೆ ಏರಿತು, ಇಳಿಯಿತು, ಮತ್ತೆ ಏರಿತು. ಜೊತೆಗೆ ಹಿಂದೆ ಯಾರೂ ಕಾಣದ ಇನ್ನೊಂದು ಸಂಗತಿ: ದಿನವೂ ಸಂಜೆ ನಾಲ್ಕಕ್ಕೆ, ಎಲೆ ನಿಟ್ಟುಸಿರು ಬಿಟ್ಟಂತೆ ಒಂದು ಪುಟ್ಟ ಉಬ್ಬು. ಅದನ್ನು ಮೊದಲು ಕಂಡವಳು ಅವಳೇ.

"ಬರೋ ತಿಂಗಳ ಸಮ್ಮೇಳನದಲ್ಲಿ ಇದನ್ನೇ ತೋರ್ಸೋಣ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. "ನಿನ್ನ ಹೆಸರೂ ಹಾಕ್ತೀನಿ."

ಹನ್ನೊಂದು ವರ್ಷ ಸೀಸೆ ತೊಳೆದವಳ ಕಾಲು ಅಂದು ನೆಲದ ಮೇಲಿರಲಿಲ್ಲ. ಆದರೆ ಅವಳು ಬೀಗ ಹಾಕಿ ಮೂರು ಸಲ ಎಳೆದು ನೋಡುವ ಜಾತಿಯವಳು. ಊಟದ ಬಿಡುವಿನಲ್ಲಿ ಆರು ದಿನದ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟಳು. ದೊಡ್ಡ ಅಲೆ ದಿನಕ್ಕೆ ಎರಡು ಗಂಟೆಯಷ್ಟು ಮುಂಚೆ ಬರುತ್ತ ಹೋಗಿತ್ತು. ಬೆಳಕಿನ ಲಗಾಮಿಲ್ಲದ ಎಲೆಯ ದಿನ ನಮ್ಮದಕ್ಕಿಂತ ಗಿಡ್ಡ. ಉಬ್ಬು ಮಾತ್ರ ಕದಲದೆ ನಾಲ್ಕಕ್ಕೇ ಕೂತಿತ್ತು. ಎಲೆಗೆ ಗೋಡೆ ಗಡಿಯಾರ ನೋಡಲು ಬರುವುದಿಲ್ಲ. ಹಾಗಾದರೆ ನೋಡಿಕೊಂಡು ಬರುವವರು ಯಾರು?

ಎದ್ದು ಬಾಗಿಲ ಹೊರಗೆ ಬಂದು ನೋಡಿದಳು. ಕೋಣೆಯಲ್ಲಿ ಕೆಲಸ ಮಾಡುವವರ ಉಸಿರು ಬೆರೆಯದಿರಲೆಂದು ಗಾಳಿ ಎಳೆಯುವ ಕೊಳವೆಯ ಬಾಯಿಯನ್ನು ಹೊರಗಿನ ಕಾರಿಡಾರಿಗೆ ತಂದು, ಬೆಂಚಿನ ಮೇಲ್ಗಡೆ ಗೋಡೆಗೆ ಅಂಟಿಸಿದ್ದವಳು ಅವಳೇ. ಯಂತ್ರ ಹಳೆಯದು, ಒಳಹೋಗುವ ಗಾಳಿಯನ್ನು ಬೆಳಿಗ್ಗೆ ಒಮ್ಮೆ ಅಳೆದು ಅದನ್ನೇ ದಿನವಿಡೀ ನಂಬುತ್ತಿತ್ತು; ನಡುವೆ ಯಾರದಾದರೂ ಉಸಿರು ಸೇರಿದರೆ ಅದನ್ನೂ ಎಲೆಯ ಲೆಕ್ಕಕ್ಕೇ ಬರೆಯುತ್ತಿತ್ತು. ಆ ಬೆಂಚಿನ ಮೇಲೆ ನಾಲ್ಕಕ್ಕೆ ಬಂದು ಕೂರುತ್ತಿದ್ದವರು ಅವಳ ಮಾವ. ಅಲ್ಲಿಯ ಗಿಡಮನೆಯ ಮಾಲಿಯಾಗಿದ್ದು ನಿವೃತ್ತರಾದವರು, ಸೊಸೆಯ ಜೊತೆ ಮನೆಗೆ ನಡೆಯಲೆಂದು ಬರುತ್ತಿದ್ದರು.

ಮೇಡಂಗೆ ಹೇಳಿದರೆ ಹೆಸರು ಹೋಯಿತು. ಮಾವನಿಗೆ ಹೇಳಿದರೆ ನೊಂದುಕೊಳ್ಳುತ್ತಾರೆ. ಹೇಳದಿದ್ದರೆ? ಊಟದ ಡಬ್ಬಿ ಮುಚ್ಚಿಟ್ಟಳು.

ನಾಲ್ಕಕ್ಕೆ ಮಾವ ಬಂದರು.

"ಮಾವ, ಇಲ್ಲಿ ಕೂತು ಏನ್ ಮಾಡ್ತೀರಿ ನೀವು?"

"ಇನ್ನೇನ್ ಮಾಡ್ಲಿ? ಒಳಗೆ ಯಾರೂ ಬರ್ಬಾರ್ದು ಅಂತ ನೀನೇ ಚೀಟಿ ಅಂಟಿಸಿದ್ದೀಯ. ಅದಕ್ಕೇ ಈ ಕೊಳವೆಗೆ ಬಾಯಿಟ್ಟು ಗಿಡಾನ ಮಾತಾಡಿಸ್ತೀನಿ."

"ಅಯ್ಯೋ! ಏನಂತ?"

"ಚೆನ್ನಾಗಿ ಉಸಿರಾಡು ತಾಯಿ, ನನ್ನ ಸೊಸೆ ಮಾನ ಉಳಿಸು, ಅಂತ."

ಅವಳಿಗೆ ನಗು ಮೊದಲು ಬಂತು, ಅಳು ಆಮೇಲೆ. ಸಂಗತಿ ಹೇಳಿದಳು. ಮಾವ ಕೈಯಿಂದ ಬಾಯಿ ಮುಚ್ಚಿಕೊಂಡು ಹತ್ತು ಹೆಜ್ಜೆ ದೂರ ಹೋಗಿ ನಿಂತರು.

"ನಿನ್ನ ಕೆಲಸ ಕೆಡಿಸ್ಬಿಟ್ನೇನಮ್ಮ?"

"ಕೊಳವೆ ಅಂಟಿಸಿದ್ದು ನಾನು, ಮಾವ."

"ಹಾಗಾದ್ರೆ ನಡಿ, ಹೇಳ್ಬಿಡೋಣ. ಬೈಯೋದಿದ್ರೆ ಇಬ್ಬರಿಗೂ ಸೇರಿಸಿ ಒಂದೇ ಸಲ ಬೈಲಿ, ಅವರಿಗೂ ಶ್ರಮ ಕಡಿಮೆ."

ಮೇಡಂ ಬೈಯಲಿಲ್ಲ. ಗೆರೆಗಳನ್ನು ಒಂದೊಂದಾಗಿ ನೋಡಿದರು. "ಉಬ್ಬು ತೆಗೆದ್ಬಿಡೋಣ. ಅಲೆ ಸಾಕು. ನಿನ್ನ ಹೆಸರಿನ ವಿಷಯ ಆಮೇಲೆ ನೋಡೋಣ," ಎಂದರು. ಅವಳು ತಲೆಯಾಡಿಸಿದಳು.

"ಒಂದ್ ನಿಮಿಷ," ಎಂದರು ಮಾವ. "ಮೂರನೇ ದಿನ ನಾನು ಬಂದಿರ್ಲಿಲ್ವಲ್ಲ. ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದೆ."

ಮೂವರೂ ಮೂರನೆಯ ಗೆರೆಯ ಮೇಲೆ ಬಾಗಿದರು. ಉಬ್ಬು ಅಲ್ಲೂ ಇತ್ತು, ಸ್ವಲ್ಪ ಕುಳ್ಳಗೆ.

ಅವಳು ಕಾವಲುಗಾರನನ್ನು ಕೇಳಿದಳು, ಕಸ ಗುಡಿಸುವವಳನ್ನು ಕೇಳಿದಳು. ಆ ಸಂಜೆ ಬೆಂಚಿನಲ್ಲಿ ಕೂತವರು ಯಾರೂ ಸಿಗಲಿಲ್ಲ. ಕೊಳವೆಯನ್ನು ಮಾಳಿಗೆಗೆ ಏರಿಸಿ ಇನ್ನೂ ಆರು ದಿನ ಅಳೆದಾಗ ಉಬ್ಬೂ ಬರಲಿಲ್ಲ. ವರದಿಯಲ್ಲಿ ಅವಳು ಹೀಗೆ ಬರೆದಳು: ಐದು ದಿನದ್ದು ಮನುಷ್ಯನ ಉಸಿರು, ಮೂರನೆಯ ದಿನದ್ದು ಏನೆಂದು ಗೊತ್ತಾಗಲಿಲ್ಲ. ಮೇಡಂ ಆ ಸಾಲನ್ನು ಹೊಡೆದುಹಾಕಲಿಲ್ಲ.

ಅದು ಎಲೆಯದೇ ಆಗಿತ್ತೋ, ಯಾರ ಕಣ್ಣಿಗೂ ಬೀಳದೆ ಬಂದು ಕೂತ ಯಾರದೋ, ಇವತ್ತಿಗೂ ಗೊತ್ತಿಲ್ಲ.