ಸೇತುವೆ ಸಿನಿಮಾದ ದೋಣಿ

ಎಂಬತ್ತರ ದಶಕದಲ್ಲಿ ತಾವು ಮೆಚ್ಚಿದ ಸಿನಿಮಾಗಳನ್ನು ಪಟ್ಟಿಮಾಡಿ, ಭಾನುವಾರಕ್ಕೊಂದರಂತೆ ಮತ್ತೆ ನೋಡೋಣವೆಂದು ಹೇಳಿದವನು ತಮ್ಮ. ಅಕ್ಕ ಹತ್ತು ಬರೆದಳು. ಅವರ ಮನೆಯಲ್ಲಿ ಯಾರಿಗೂ ಸಿನಿಮಾದ ಹೆಸರು ನೆನಪಿರುತ್ತಿರಲಿಲ್ಲ; ಏಣಿ ಸಿನಿಮಾ, ಕಿವುಡ ಜಡ್ಜ್ ಸಿನಿಮಾ ಎಂದೇ ಮಾತು. ಪಟ್ಟಿಯ ಮೊದಲಿಗಿದ್ದದ್ದು ಸೇತುವೆ ಸಿನಿಮಾ. ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದಳು: ‘ಸೇತುವೆ ಕುಸಿದು ಗಂಡ ಸತ್ತಮೇಲೆ ನಾಯಕಿ ಉದ್ದ ಜಡೆ ಕತ್ತರಿಸಿಕೊಂಡು ದೋಣಿ ಹತ್ತುತ್ತಾಳೆ. ಮನೆಯ ಬೀಗದಕೈ ನೀರಿಗೆಸೆದು ನಗುತ್ತಾಳೆ. ಆ ನಗುವಿಗೆ.’

ತಮ್ಮ ಅದನ್ನೇ ಮೊದಲು ಹುಡುಕಿ ತೆಗೆದ. ಊಟ ಮುಗಿಸಿ ಇಬ್ಬರೂ ಕೂತು ನೋಡಿದರು. ಸೇತುವೆ ಕುಸಿಯಿತು, ಗಂಡ ಸತ್ತ. ನಾಯಕಿ ಅವನ ಫೋಟೋದ ಮುಂದೆ ಕೂತು ಅತ್ತಳು. ಜಡೆ ಹಾಗೇ ಇತ್ತು. ಸಿನಿಮಾ ಮುಗಿಯಿತು.

“ಎಲ್ಲಕ್ಕಾ ದೋಣಿ?”

“ಇದ್ರಲ್ಲಿ ಕತ್ತರಿಸಿರ್ಬೇಕು ಕಣೋ.”

“ಪೂರ್ತಿ ಇದೆ. ಕಥೆ ಬಗ್ಗೆ ಬರೆದಿರೋದನ್ನೂ ಓದ್ದೆ, ದೋಣಿಗೀಣಿ ಏನೂ ಇಲ್ಲ. ಇನ್ಯಾವ್ದರ ಜೊತೆಗೋ ಬೆರೆಸ್ಕೊಂಡಿದೀಯ, ಬಿಡು.”

ಅಂದು ಅವಳನ್ನು ಥಿಯೇಟರಿಗೆ ಕರೆದೊಯ್ದಿದ್ದ ಚಿಕ್ಕಮ್ಮ ಈಗಿಲ್ಲ. ಮಂಗನಬಾವು ಬಂದು ಕೆನ್ನೆ ಊದಿಸಿಕೊಂಡಿದ್ದ ತಮ್ಮ ಮನೆಯಲ್ಲೇ ಉಳಿದಿದ್ದ. ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

ಅಕ್ಕನಿಗೆ ಅಮ್ಮ ನೆನಪಾದಳು. ಅವರ ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದದ್ದು ಮರೆಯುವುದರಿಂದಲ್ಲ, ನಡೆಯದ್ದನ್ನು ಕಣ್ಣಾರೆ ಕಂಡಂತೆ ಹೇಳುವುದರಿಂದ. ಆಗ ಅಮ್ಮನಿಗೆ ಐವತ್ತೇಳು. ಅಕ್ಕನಿಗೆ ಈಗ ಐವತ್ತಾರು.

ಅವಳದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೆಲಸ. ಸೋಮವಾರದಿಂದ ಪ್ರತಿ ಗಾಜಿನ ಪಟ್ಟಿಯನ್ನೂ ಎರಡೆರಡು ಸಲ ನೋಡತೊಡಗಿದಳು. ಸೀಸೆಯ ಮೇಲಿನ ನಂಬರನ್ನು ಬಾಯಿಬಿಟ್ಟು ಓದಿಕೊಂಡಳು. ಪಕ್ಕದ ಮೇಜಿನವಳು ರೇಗಿಸಿದಳು: “ಏನ್ರೀ, ಮೈಕ್ರೋಸ್ಕೋಪ್ ಜೊತೆಗೇ ಸಂಸಾರ ಹೂಡಿದ ಹಾಗಿದೆ!”

ತಪ್ಪೇನೂ ಆಗಿರಲಿಲ್ಲ. ಆದರೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾಯಿಲೆಯ ಭಯ ಒಂದು ಕಡೆ. ಇನ್ನೊಂದು ಸಂಕಟ ಯಾರಿಗೂ ಹೇಳುವಂಥದ್ದಲ್ಲ. ತನ್ನ ಮೂವತ್ತೊಂದಕ್ಕೇ ಗಂಡ ತೀರಿಕೊಂಡಾಗ, ಮೂಲೆ ಹಿಡಿದು ಕೂತಿದ್ದವಳು ಒಂದು ಬೆಳಿಗ್ಗೆ ಎದ್ದು, ಕತ್ತರಿಯಿಂದ ಜಡೆ ಕತ್ತರಿಸಿ, ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಆ ಧೈರ್ಯ ಕೊಟ್ಟದ್ದು ದೋಣಿಯ ಮೇಲಿನ ಹೆಂಗಸು. ಅವಳೇ ಇರಲಿಲ್ಲವೆಂದರೆ?

ಗುರುವಾರ ಕೆಲಸ ಮುಗಿದದ್ದೇ ಅಕ್ಕ ಹಳೆಯ ಥಿಯೇಟರಿನ ಬೀದಿಗೆ ಹೋದಳು. ಥಿಯೇಟರಾದರೂ ಇತ್ತೋ ಇಲ್ಲವೋ ನೋಡಿಬಿಡೋಣ ಎನ್ನುವಷ್ಟು ಕೆಟ್ಟಿತ್ತು ಮನಸ್ಸು. ಕಟ್ಟಡವೇನೋ ಇತ್ತು, ಒಳಗೆ ಲಾರಿ ಟೈರುಗಳನ್ನು ಪೇರಿಸಿದ್ದರು. ಎದುರಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮುದುಕರೊಬ್ಬರು ಕೂತಿದ್ದರು.

“ಇದು ಥಿಯೇಟರ್ ಆಗಿತ್ತಲ್ವಾ ಯಜಮಾನ್ರೇ?”

“ಚೆನ್ನಾಗಿ ಕೇಳಿದ್ರಿ! ಹತ್ತೊಂಬತ್ತು ವರ್ಷ ನಾನೇ ಅಲ್ಲಿ ಆಪರೇಟರು. ಅದು ಮುಚ್ಚಿದ ಮೇಲೇ ಈ ಗಡಿಯಾರ.”

ಅಕ್ಕ ಮೇಜಿನ ಹತ್ತಿರ ಬಂದಳು. “ಸೇತುವೆ ಕುಸಿಯೋ ಒಂದು ಸಿನಿಮಾ ಬಂದಿತ್ತು. ನಾನು ಅದನ್ನ ಇಲ್ಲೇ ನೋಡಿದ್ದು.”

ಮುದುಕರ ಕೈಯಲ್ಲಿದ್ದ ಚಿಮಟ ಹಾಗೇ ನಿಂತಿತು. ಭೂತಗನ್ನಡಿ ತೆಗೆದು ಅವಳನ್ನೇ ನೋಡಿದರು.

“ಯಾವ ಆಟ?”

“ಭಾನುವಾರ, ಮಧ್ಯಾಹ್ನದ್ದು.”

“ಅಯ್ಯೋ ಶಿವನೇ. ದೋಣಿ ನೋಡಿದ್ರಾ?”

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ದೋಣಿ ಎಂಬ ಮಾತು ಅವಳ ಬಾಯಿಂದ ಇನ್ನೂ ಬಂದೇ ಇರಲಿಲ್ಲ.

“ಕೂತ್ಕೊಳಮ್ಮ, ಕೂತ್ಕೊ,” ಎಂದು ಮುದುಕರು ಸ್ಟೂಲು ಎಳೆದು ಕೊಟ್ಟರು. “ಆಗ ಎರಡು ಥಿಯೇಟರಿಗೆ ಒಂದೇ ಪ್ರಿಂಟು. ಅಲ್ಲಿ ಒಂದು ರೀಲು ಮುಗೀತಿದ್ದ ಹಾಗೇ ಸೈಕಲಲ್ಲಿ ಇಲ್ಲಿಗೆ ತರ್ಬೇಕು. ಅವತ್ತು ಕೊನೇ ರೀಲು ತರೋನ ಸೈಕಲ್ ಪಂಕ್ಚರು. ಕುಸಿದ ಸೇತುವೆ ತೋರ್ಸಿ ಆಟ ನಿಲ್ಸಿದ್ರೆ ಜನ ಕುರ್ಚಿ ಮುರೀತಾರೆ. ಮಾಲೀಕರು ‘ಏನಾದ್ರೂ ಹಾಕಯ್ಯಾ’ ಅಂದ್ರು. ಅದೇ ನಾಯಕಿಯ ಇನ್ನೊಂದು ಸಿನಿಮಾ ಹಿಂದಿನ ವಾರ ಮುಗಿದಿತ್ತು, ಡಬ್ಬ ಇನ್ನೂ ವಾಪಸ್ ಹೋಗಿರ್ಲಿಲ್ಲ. ಅದರ ಕೊನೇ ರೀಲು ಹಾಕ್ಬಿಟ್ಟೆ.”

“ಮತ್ತೆ ಜಡೆ?”

“ಅದ್ರಲ್ಲಿ ಅವಳದು ಮೊದಲಿಂದ್ಲೂ ಗಿಡ್ಡ ಕೂದಲು, ಕತ್ತರಿಸ್ಕೊಂಡ್ಳು ಅಂದ್ಕೊಂಡಿದ್ದು ನೀವೇ! ಈಗ ಕಲ್ಲು ಬೀಳತ್ತೆ ಅಂತ ಕಾಯ್ತಾ ಇದ್ದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು.” ಮುದುಕರು ತಲೆ ತಗ್ಗಿಸಿದರು. “ಆದ್ರೂ ಮೋಸ ಮೋಸಾನೇ. ಪಾಪ, ನಿಮ್ಮಂಥೋರಿಗೆ ಸುಳ್ಳು ಕಥೆ ತೋರ್ಸಿದ್ನಲ್ಲ ಅಂತ ಇವತ್ತಿಗೂ ಚುಚ್ಚತ್ತೆ.”

“ಯಜಮಾನ್ರೇ,” ಎಂದಳು ಅಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಧಾರಿಸಿಕೊಂಡು ಜಡೆ ಕತ್ತರಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮುದುಕರು ಬಾಯಿ ತೆರೆದುಕೊಂಡೇ ಕೇಳಿದರು. ಕೊನೆಗೆ, “ಹಾಗಾದ್ರೆ ನಾನು ಹಾಳೇನೂ ಮಾಡ್ಲಿಲ್ಲ ಅನ್ನು,” ಎಂದು ದೀರ್ಘವಾಗಿ ಉಸಿರು ಬಿಟ್ಟರು. ದೋಣಿ ಸಿನಿಮಾದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮುಂದಿನ ಭಾನುವಾರ ಅಕ್ಕ–ತಮ್ಮ ಅದನ್ನು ನೋಡಿದರು. ಜಿಪುಣ ಮಾವನ ಮನೆಯಿಂದ ತಪ್ಪಿಸಿಕೊಂಡು ಓಡುವ ಹುಡುಗಿಯ ತಮಾಷೆಯ ಕಥೆ. ಬೀಗದಕೈ ನೀರಿಗೆ ಬಿದ್ದಾಗ ತಮ್ಮ ಅಲ್ಲೇ ನಿಲ್ಲಿಸಿ, ಮತ್ತೆರಡು ಸಲ ಹಾಕಿದ. ಅಕ್ಕ ಆಪರೇಟರ ಕಥೆಯನ್ನೂ, ಅಮ್ಮನನ್ನು ನೆನೆದು ತಾನು ಪಟ್ಟ ಭಯವನ್ನೂ ಆಗಲೇ ಅವನಿಗೆ ಹೇಳಿದ್ದು.

ತಮ್ಮ ರಿಮೋಟ್ ಕೆಳಗಿಟ್ಟ. “ನಂಗೂ ಅದೇ ಭಯ ಆಗಿತ್ತಕ್ಕ. ಹೇಳೋಕೆ ಧೈರ್ಯ ಬರ್ಲಿಲ್ಲ. ನಿನ್ನ ತೋರ್ಸೋಣ ಅಂತ ನಾಳೆ ಹನ್ನೊಂದು ಗಂಟೆಗೆ ಡಾಕ್ಟರ ಟೈಮ್ ತಗೊಂಡಿದೀನಿ.”

“ಲೋ ಕಳ್ಳ! ನಗ್ತಾ ನಗ್ತಾ ಇದನ್ನೂ ಮಾಡಿದ್ಯಾ?”

“ಬೇಡ ಅಂತ ಫೋನ್ ಮಾಡ್ಲಾ?”

“ಯಾಕೆ ಬೇಡ? ಹೋಗೋಣ ನಡಿ. ನಿನ್ನೆ ಕನ್ನಡಕ ಹಣೆ ಮೇಲೇ ಇಟ್ಕೊಂಡು ಇಡೀ ಮನೆ ಹುಡುಕ್ದೆಯಂತೆ, ನಿನ್ ಹೆಂಡ್ತಿ ಹೇಳಿದ್ಲು. ನಿನ್ನನ್ನೇ ತೋರ್ಸ್ಕೊಂಡು ಬರೋಣ!”

ತಮ್ಮ ಹೋ ಎಂದು ನಕ್ಕ. ಅಕ್ಕ ಅಡುಗೆಮನೆಗೆ ಹೋಗಿ ತಟ್ಟೆ ತುಂಬ ಅನ್ನ ಹಾಕಿಕೊಂಡು ಬಂದು ಅವನ ಪಕ್ಕ ಕೂತಳು.