ಗಿರಿಜವ್ವನ ಹಳದಿ ಹೂ

ಕರ್ನಾಟಕದ ಏಕೀಕರಣವಾಗಿ ಒಂದೆರಡು ವರ್ಷ ಕಳೆದಿತ್ತು. ಆ ಬೇಸಿಗೆ ಬನವಾಸಿ ಕಡೆಯ ಬಾವಿಗಳ ತಳ ಕಂಡಿತು. ಗುರುಶಾಂತವ್ವನ ಮಲ್ಲಿಗೆ ಒಣಗಿ ಕಡ್ಡಿಯಾಯಿತು. ಬೇಲಿಯಾಚೆ ಗಿರಿಜವ್ವನ ಹಿತ್ತಲಲ್ಲಿ ಮಾತ್ರ, ಹನಿ ನೀರಿಲ್ಲದಿದ್ದರೂ, ಹಳದಿ ಹೂ ಕಿಕ್ಕಿರಿದಿತ್ತು. ಅವಳ ತಮ್ಮ ಕಿರವತ್ತಿಯ ರಸ್ತೆ ಬದಿಯಿಂದ ತಂದುಕೊಟ್ಟ ಕಾಡುಗಿಡ ಅದು.

ಮಠದ ಸೋಮವಾರದ ಪೂಜೆಗೆ ಹೂ ಕೊಡುವುದು ಗುರುಶಾಂತವ್ವನ ಮನೆಯ ಪಾಲು. ಈಗ ಮಠದ ಕಲ್ಲಯ್ಯನವರು ಬುಟ್ಟಿ ಹಿಡಿದು ಅವಳ ಬಾಗಿಲು ದಾಟಿ ಪಕ್ಕದ ಮನೆಗೆ ಹೋಗುತ್ತಿದ್ದರು. ಅದನ್ನು ನೋಡಲಾರದೆ ಗುರುಶಾಂತವ್ವ ಒಂದು ದಿನ ಬೇಲಿಯ ಬಳಿ ಹೋಗಿ ನಿಂತಳು.

"ಒಂದೀಟು ಬೀಜ ಕೊಡಬೇ ಗಿರಿಜಿ."

"ಹೂ ಬೇಕಾದಷ್ಟು ಒಯ್ಯಿ ಯಕ್ಕಾ. ಬೀಜ ಕೇಳಬ್ಯಾಡ. ಬಿಟ್ಟರ ಹೊಲಾನೂ ನುಂಗತೈತಿ ಅದು."

ಗಿರಿಜವ್ವ ಬಾಡಿದ ಹೂವನ್ನೆಲ್ಲ ಚಿವುಟಿ ಬಚ್ಚಲೊಲೆಗೆ ಹಾಕುತ್ತಿದ್ದಳು.

"ಒಲಿಗೆ ಹಾಕ್ತಾಳ, ನನಗ ಕೊಡಂಗಿಲ್ಲ! ಎಂಥಾ ಹೊಟ್ಟಿಕಿಚ್ಚು!" ಎಂದು ಗುರುಶಾಂತವ್ವ ಗಂಡನ ಮುಂದೆ ಹಲುಬಿದಳು.

"ಹೊಟ್ಟಿಕಿಚ್ಚು ಯಾರದು?" ಎಂದ ಪರಮೇಶ್ವರಪ್ಪ.

ಗಿರಿಜವ್ವ ತಮ್ಮನ ಮದುವೆಗೆ ತವರಿಗೆ ಹೋದಾಗ ಹೂ ಚಿವುಟುವವರಿಲ್ಲದೆ ಬೀಜ ಬಲಿಯಿತು. ಗುರುಶಾಂತವ್ವ ಬೇಲಿಗೆ ಬಾಗಿದ ಗಿಡಗಳನ್ನು ಸವರಿಕೊಂಡೇ ಹೋಗಿ ಬಂದಳು. ಸೂಜಿಯಂಥ ಬೀಜಗಳು ಸೀರೆಗೆ ಅಂಟಿಕೊಂಡವು. ತಾನಾಗಿ ಬಂದದ್ದು ಕಳವು ಹೇಗಾದೀತು ಎಂದುಕೊಂಡು ಬಿಡಿಸಿ ಬಿತ್ತಿದಳು.

ಮರುಬೇಸಿಗೆ ಕಲ್ಲಯ್ಯನವರ ಬುಟ್ಟಿ ಅವಳ ಬಾಗಿಲಲ್ಲೇ ತುಂಬಿತು. ದೇವರ ಹೂವಿನ ಗಿಡ. ಬಾಡಿದ್ದನ್ನು ಬಚ್ಚಲೊಲೆಗೆ ಹಾಕಲು ಅವಳ ಮನಸ್ಸು ಒಪ್ಪಲಿಲ್ಲ. ಒಣಗಿದ ಹೂವನ್ನೆಲ್ಲ ಮೊರದಲ್ಲಿ ಒಯ್ದು, ಯಾರೂ ತುಳಿಯದಿರಲೆಂದು ತಮ್ಮ ಹೊಲದ ಬದುವಿಗೆ ಸುರಿದು ಕೈಮುಗಿದು ಬರುತ್ತಿದ್ದಳು.

ಮಳೆ ಬಿತ್ತು. ಬದುವಿನಿಂದ ಹೊಲದ ನಡುವಿನವರೆಗೂ ಅದೇ ಸಸಿ.

"ಇದರಾಗ ಭತ್ತ ಯಾವುದು, ತೋರಸು" ಎಂದ ಪರಮೇಶ್ವರಪ್ಪ.

ಅವಳು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿರುವಾಗ ಗಿರಿಜವ್ವ ಬಂದು ಪಕ್ಕದಲ್ಲಿ ಕೂತಳು. ಬೀಜ ಎಲ್ಲಿಯದೆಂದು ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗುರುಶಾಂತವ್ವನಿಗೆ.

"ಸೋಮವಾರದ ಹೂ ಇನ್ನ ನೀನ ಕೊಡವಾ," ಎಂದಳು ತಲೆ ಎತ್ತದೆ. "ನನ್ನ ಗಿಡ ಎಲ್ಲಾ ಕಿತ್ತು ಒಗಿತೀನಿ."

"ನಾಕು ಗಿಡ ಇಟಗೋ. ಇಬ್ಬರೂ ಕೂಡಿ ಕೊಡೂಣು. ಬಾಡಿದ್ದು ಮಾತ್ರ ನನ್ನ ಒಲಿಗೆ ತಾ. ದೇವರ ಹೂ ಸುಟ್ಟ ಪಾಪ ನನಗ ಇರಲಿ."

ಗುರುಶಾಂತವ್ವ ನಕ್ಕಳು. ಆಮೇಲೆ ಓರೆಗಣ್ಣಲ್ಲಿ ನೋಡಿದಳು. ಈಗಷ್ಟೇ ಬಂದ ಗಿರಿಜವ್ವನ ಕಳೆಯ ರಾಶಿ ಆಗಲೇ ತನ್ನದಕ್ಕಿಂತ ದೊಡ್ಡದಾಗಿತ್ತು. ಗುರುಶಾಂತವ್ವ ಸೆರಗು ಬಿಗಿದು ಕೈ ಚುರುಕು ಮಾಡಿದಳು.