ಬೆಳೆಯಲೊಲ್ಲದ ಬಿಳಿ ರಕ್ತಕಣ

ನಾನು ಒಂದು ಬಿಳಿ ರಕ್ತಕಣ. ಮೈಸೂರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವ ಜವರಯ್ಯನವರ ಸೊಂಟದ ಮೂಳೆಯೊಳಗೆ ಹುಟ್ಟಿದೆ. ಅಲ್ಲಿ ಮೆತ್ತಗೆ, ಬೆಚ್ಚಗೆ ಇತ್ತು. ಅವರು ಮದುವೆ ಮೆರವಣಿಗೆಯಲ್ಲಿ ಊದುವಾಗ ಸ್ವರ ಮೂಳೆಯ ತನಕ ಇಳಿದು ಬರುತ್ತಿತ್ತು, ಕೇಳುತ್ತಾ ತೂಕಡಿಸುತ್ತಿದ್ದೆ.

ನನ್ನಂಥವು ಬೆಳೆದು, ರೋಗಾಣುಗಳೊಡನೆ ಕಾದಾಡಿ, ಕೆಲವೇ ದಿನಗಳಲ್ಲಿ ಸಾಯಬೇಕು. ನನಗದು ಬೇಡವಾಗಿತ್ತು. ನಾವು ಬೆಳೆಯದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಮೂಳೆಯನ್ನೆಲ್ಲ ತುಂಬಿಕೊಂಡೆವು. ಕೆಂಪು ಕಣಗಳಿಗೆ ಜಾಗವೇ ಉಳಿಯದೆ ಜವರಯ್ಯನವರಿಗೆ ಉಸಿರು ಸಾಲದಾಯಿತು. ಸ್ವರ ನಿಂತಿತು. ವೈದ್ಯರು ರಕ್ತದ ಕ್ಯಾನ್ಸರ್ ಎಂದರು. ನನ್ನ ಮೊಂಡುತನಕ್ಕೆ ಇಷ್ಟು ದೊಡ್ಡ ಹೆಸರಿದೆಯೆಂದು ನನಗೇನು ಗೊತ್ತು!

ಒಂದು ದಿನ ಸೂಜಿಯೊಂದು ನಮ್ಮನ್ನು ಹೀರಿಕೊಂಡಿತು. ಎಚ್ಚರವಾದಾಗ ಪ್ರಯೋಗಾಲಯದ ಗುಲಾಬಿ ಬಣ್ಣದ ನೀರಿನಲ್ಲಿ ತೇಲುತ್ತಿದ್ದೆ. ಡಾಕ್ಟರ್ ತಬಸ್ಸುಮ್ ನಮ್ಮಲ್ಲಿ ಕೆಲವರಿಗೆ ಕಣಗಳನ್ನು ಬೆಳೆಸುವ ಔಷಧಿ ಹಾಕಿದರು. ಬೆಳೆದ ಕಣ ಮತ್ತೆ ಎರಡಾಗದೆ ತಾನೇ ಸಾಯುತ್ತದೆ. ಅವು ಬೆಳೆದರೆ ಜವರಯ್ಯನವರಿಗೂ ಅದೇ ಔಷಧಿ. ಬೇರೆಯದನ್ನು ತಾಳುವ ಶಕ್ತಿ ಅವರಲ್ಲಿರಲಿಲ್ಲ.

ಐದು ದಿನವಾದರೂ ಒಂದೂ ಬೆಳೆಯಲಿಲ್ಲ. ಆಗ ಹಳೆಯ ಸಹಾಯಕ ಗುರುಮಲ್ಲಪ್ಪ ಔಷಧಿಯ ಸೀಸೆ ಎತ್ತಿ ನೋಡಿದರು.

"ಮೇಡಂ, ಇದನ್ನ ಟ್ಯೂಬ್‌ಲೈಟ್ ಕೆಳಗೇ ಬಿಟ್ಬುಟ್ಟಿದ್ರಾ? ಬೆಳಕು ಬಿದ್ರೆ ಕೆಟ್ಟೋಯ್ತದೆ."

"ಅಯ್ಯೋ ಗುರುಮಲ್ಲಣ್ಣ, ಬೆಳ್ಳಿ ಕಾಗದ ಸುತ್ತೋದೇ ಮರೆತೆ! ಜವರಯ್ಯನವರಿಗೆ ಈ ಔಷಧಿ ಹಿಡಿಯಲ್ಲ ಅಂತ ಬರೆಯೋಕೆ ಹೊರಟಿದ್ದೆ."

ದೀಪ ಆರಿಸಿ, ಹೊಸ ಔಷಧಿಯನ್ನು ಉಳಿದ ನಮಗೆ ಹಾಕಿದರು. ಕತ್ತಲು ಹಿತವಾಗಿತ್ತು. ಕೆಲವು ಎರಡೇ ದಿನದಲ್ಲಿ ಬೆಳೆದವು. ಕೆಲವು ಅರ್ಧಕ್ಕೆ ನಿಂತವು. ನನ್ನಿಂದಲೇ ಒಡೆದು ಹುಟ್ಟಿದ ತಂಗಿ ಕದಲಲೇ ಇಲ್ಲ. ಒಂದೇ ಮನೆ, ಒಂದೇ ಮದ್ದು. ಆದರೂ ಒಬ್ಬೊಬ್ಬರದು ಒಂದೊಂದು ದಾರಿ. ಏಕೆಂದು ತಬಸ್ಸುಮ್ ಅವರಿಗೂ ತಿಳಿಯದು.

ನಾನೂ ಹಟ ಹಿಡಿದೆ. ಆದರೆ ಆ ಮೌನದಲ್ಲಿ ಕ್ಲಾರಿಯೊನೆಟ್ಟಿನ ನೆನಪು ಕಾಡಿತು. ಅದನ್ನು ನಿಲ್ಲಿಸಿದ್ದು ನಾವೇ ಎಂದು ನಾಚಿಕೆಯಾಯಿತು. ಐದನೆಯ ದಿನ ನನ್ನೊಳಗಿನ ದುಂಡು ಕೋಶಬೀಜ ಮೆಲ್ಲನೆ ಬಾಗಿ, ಬೆಳೆದ ಕಣದಲ್ಲಿರುವಂತೆ ಮೂರು ಎಸಳಾಯಿತು. ಪರೀಕ್ಷೆಯ ಹಳದಿ ಬಣ್ಣ ಕುಡಿಸಿದಾಗ, ಬೆಳೆದ ಕಣಗಳಂತೆ ನಾನೂ ನೀಲಿಯಾದೆ.

"ನೂರಕ್ಕೆ ಎಪ್ಪತ್ತೊಂದು ನೀಲಿ, ಗುರುಮಲ್ಲಣ್ಣ!"

"ಮೊದ್ಲು ವಾರ್ಡಿಗೆ ಫೋನ್ ಮಾಡಿ ಮೇಡಂ."

ಅಂದೇ ಆ ಔಷಧಿ ವಾರ್ಡಿಗೂ ಹೋಯಿತು. ಅಂದಿನಿಂದ ನಾನು ಪರೀಕ್ಷೆಯ ಗಾಜಿನ ತುಂಡಿನ ಮೇಲೆ ಅಂಟಿಕೊಂಡು, ಪೆಟ್ಟಿಗೆಯಲ್ಲಿ ಮಲಗಿದ್ದೇನೆ. ತಿಂಗಳುಗಳ ಮೇಲೆ ಯಾರೋ ನನ್ನನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೇಲೊಂದು ಕಣ್ಣು ಬಾಗಿತು. ಆ ಮೈಯೊಳಗೇ ಹುಟ್ಟಿದ ನಾನು ಅವರನ್ನು ನೋಡಿದ್ದು ಅದೇ ಮೊದಲು.

"ಓ, ನೀನೇನಾ?" ಎಂದರು ಜವರಯ್ಯ. "ದೊಡ್ಡೋನಾಗ್ಬುಟ್ಟಿದ್ದೀಯಲ್ಲೋ."

ಅವರ ಉಸಿರು ಗಾಜನ್ನು ತಾಕಿತು. ಊದಲು ಸಾಕಾಗುವಷ್ಟಿತ್ತು.